ಎಡವಿದ್ದು ಒಂದು ಸಲ, ಬಿದ್ದದ್ದು ವರ್ಷವಿಡೀ

1975ರ ಜೂನ್ 1. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಮಳೆ. ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಒಂದು ಕೈಯಲ್ಲಿ ಕೊಡೆ ಹಿಡಿದು, ಹೆಂಡತಿಗೆ ಆಸರೆಯಾಗಿ ವಿಮಾನದ ಮೆಟ್ಟಿಲು ಇಳಿಯುತ್ತಿದ್ದರು. ಕೆಳಗೆ ಬರುವಷ್ಟರಲ್ಲಿ ಕಾಲು ಜಾರಿತು, ಬಿದ್ದರು. ಕೂಡಲೇ ಎದ್ದು ನಿಂತರು. ಆಗಿದ್ದು ಇಷ್ಟೇ.

ಅದೇ ಅಕ್ಟೋಬರ್‌ನಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ಎಂಬ ಹಾಸ್ಯದ ಟಿವಿ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ ಹಾಸ್ಯನಟ ಚೆವಿ ಚೇಸ್ ಫೋರ್ಡ್ ಪಾತ್ರ ಮಾಡಿದರು. ಫೋರ್ಡ್ ಥರ ವೇಷ ಹಾಕಲಿಲ್ಲ, ದನಿಯನ್ನೂ ಅನುಕರಿಸಲಿಲ್ಲ. ಸುಮ್ನೆ ಎಡವಿದರು, ಮುಗ್ಗರಿಸಿದರು, ಬಿದ್ದರು. ಜನರಿಗೆ ಅಷ್ಟೇ ಸಾಕಾಯಿತು. ಆಮೇಲೆ ಫೋರ್ಡ್ ಎಲ್ಲಿ ಸ್ವಲ್ಪ ತಡವರಿಸಿದರೂ ಅದು ಸುದ್ದಿ. ನೂರು ಸಲ ಸರಿಯಾಗಿ ಇಳಿದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಇದೇ ಫೋರ್ಡ್ ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಮಿಂಚಿದವರು. ಎರಡು ವೃತ್ತಿಪರ ತಂಡಗಳು ಅವರನ್ನು ಕರೆದಿದ್ದವು!

ಹೀಗೇಕೆ ಆಗುತ್ತದೆ? ಗಂಭೀರವಾದ ಆರೋಪ ಕೇಳಿದರೆ ಮನಸ್ಸು ಎದುರು ನಿಲ್ಲುತ್ತದೆ, 'ಪುರಾವೆ ಎಲ್ಲಿ?' ಎನ್ನುತ್ತದೆ. ತಮಾಷೆಯನ್ನು ಯಾರಾದರೂ ಹಾಗೆ ಕೇಳುತ್ತಾರಾ? ಸಂವಹನ ಸಂಶೋಧಕಿ ರಾಬಿನ್ ನಾಬಿ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ನಗಿಸುವ ಮಾತನ್ನು ಜನ ಗಮನವಿಟ್ಟು ಕೇಳುತ್ತಾರೆ, ಆದರೆ ಅದಕ್ಕೆ ಪ್ರತಿವಾದ ಹುಡುಕುವುದು ಕಡಿಮೆ. 'ತಮಾಷೆ ತಾನೇ' ಎಂದು ಪಕ್ಕಕ್ಕಿಡುತ್ತಾರೆ. ಪಕ್ಕಕ್ಕಿಟ್ಟದ್ದು ಮನಸ್ಸಿನಿಂದ ಹೊರಗೆ ಹೋಗಿರುವುದಿಲ್ಲ. ದಿನ ಕಳೆದಂತೆ 'ತಮಾಷೆ' ಎಂಬ ಚೀಟಿ ಕಳಚಿ ಬಿದ್ದು, ಮಾತು ಮಾತ್ರ ಉಳಿದುಬಿಡುತ್ತದೆ.

2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ವಿಷಯದಲ್ಲೂ ಹೀಗೇ ಆಯಿತು. 'ನನ್ನ ಮನೆಯಿಂದ ರಷ್ಯಾ ಕಾಣುತ್ತದೆ' ಎಂದದ್ದು ಪೇಲಿನ್ ಅಲ್ಲ, ಅದೇ 'ಸ್ಯಾಟರ್ಡೇ ನೈಟ್ ಲೈವ್'ನಲ್ಲಿ ಅವರ ಪಾತ್ರ ಮಾಡಿದ ನಟಿ ಟೀನಾ ಫೇ. ಅಮೆರಿಕದ ಅಲಾಸ್ಕಾ ರಾಜ್ಯದ ಒಂದು ಕಡೆಯಿಂದ ರಷ್ಯಾ ಕಾಣುತ್ತದೆ ಎಂದಷ್ಟೇ ಪೇಲಿನ್ ಹೇಳಿದ್ದರು, ಅದು ನಿಜವೂ ಹೌದು. ಆದರೂ 'ನನ್ನ ಮನೆಯಿಂದ' ಎಂಬ ಮಾತು ಪೇಲಿನ್‌ರದ್ದೇ ಎಂದು ನಂಬಿದವರು ಈಗಲೂ ಸಿಗುತ್ತಾರೆ. ಒಬ್ಬರ ರಾಜಕೀಯ ಇಷ್ಟವಾಗದೆ ಇರಬಹುದು, ಆದರೂ ಆಡದ ಮಾತನ್ನು ಅವರ ಬಾಯಿಗೆ ತುರುಕುವುದು ಅನ್ಯಾಯ ಅಲ್ವಾ?

ನನ್ನನ್ನು ಜಾಸ್ತಿ ಕಾಡುವುದು ಹೊವಾರ್ಡ್ ಡೀನ್ ಕಥೆ. 2004ರ ಜನವರಿ 19ರ ರಾತ್ರಿ, ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಲು ಹೊರಟಿದ್ದ ಡೀನ್, ಅಯೋವಾ ರಾಜ್ಯದಲ್ಲಿ ಪಕ್ಷದೊಳಗೆ ಅಭ್ಯರ್ಥಿಯನ್ನು ಆರಿಸುವ ಸ್ಪರ್ಧೆಯಲ್ಲಿ ಮೂರನೇ ಸ್ಥಾನಕ್ಕೆ ಕುಸಿದಿದ್ದರು. ಬೆಂಬಲಿಗರನ್ನು ಹುರಿದುಂಬಿಸಲು ಮಾತಾಡುತ್ತಾ ಕೊನೆಗೆ ಗಂಟಲು ಹರಿಯುವಂತೆ ಕೂಗಿದರು. ಕೈಯಲ್ಲಿದ್ದ ಮೈಕು ಬಾಯಿಯ ಹತ್ತಿರದ ದನಿಯನ್ನು ಮಾತ್ರ ಹಿಡಿದು ಸುತ್ತಲಿನ ಸದ್ದನ್ನು ತಗ್ಗಿಸುವಂಥದ್ದು. ಟಿವಿಗೆ ಹೋದದ್ದು ಆ ಮೈಕಿನ ದನಿ. ಹಾಗಾಗಿ ಮನೆಯಲ್ಲಿ ಕೂತವರಿಗೆ ಕಂಡದ್ದು ಕಾರಣವಿಲ್ಲದೆ ಅರಚುವ ಒಬ್ಬ ಮನುಷ್ಯ. ಕೆಲವೇ ದಿನಗಳಲ್ಲಿ ಆ ತುಣುಕು ನಗೆಪಾಟಲಾಗಿ ನೂರಾರು ಸಲ ಪ್ರಸಾರವಾಯಿತು. ಆ ಕೂಗಿನಿಂದಲೇ ಡೀನ್ ಸೋತರು ಎಂದು ಎಷ್ಟೋ ಜನ ಇವತ್ತಿಗೂ ಹೇಳುತ್ತಾರೆ. ಅಯೋವಾದ ಸೋಲು ಬಂದದ್ದು ಮೊದಲು, ಕೂಗಿದ್ದು ಆಮೇಲೆ.

ಅದೇ ರಾತ್ರಿ ಸಭಿಕರ ನಡುವೆ ನಿಂತು ತೆಗೆದ ವಿಡಿಯೊಗಳೂ ಇವೆ. ಅವುಗಳಲ್ಲಿ ಜನರ ಗದ್ದಲವೇ ತುಂಬಿದೆ. ಡೀನ್ ಕೂಗಿದ್ದು ಕಿವಿಗೊಟ್ಟು ಹುಡುಕಿದರೂ ಸಿಗುವುದು ಕಷ್ಟ.