ಕಾಂಪೌಂಡಿನೊಳಗಿನ ಬೇವು: ಕಾಯ್ದೆ, ಅರ್ಜಿ, ಬೇರು

ಖಾಸಗಿ ಜಾಗದ ಮರಗಳ ಬಗ್ಗೆ ಮೊದಲು ಓದಬೇಕಾದದ್ದು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976. ಜಾಗ ನಿಮ್ಮದು, ಮರವೂ ನಿಮ್ಮದೇ. ಆದರೂ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಇಷ್ಟು ಎಲ್ಲರಿಗೂ ಗೊತ್ತು. ಹೆಚ್ಚಿನವರು ಗಮನಿಸದೆ ಬಿಡುವುದು ‘ಕಡಿಯುವುದು’ ಎಂಬ ಪದದ ವ್ಯಾಖ್ಯೆಯನ್ನು. ಬೇರುಸಹಿತ ಕೀಳುವುದು, ಕಾಂಡದ ಸುತ್ತ ತೊಗಟೆ ಸುಲಿಯುವುದು, ಕೊಂಬೆ ಸವರುವುದು, ತಲೆ ಬೋಳಿಸುವುದು, ವಿಷ ಹಾಕುವುದು, ಸುಡುವುದು, ಇನ್ನಾವುದೇ ರೀತಿ ಹಾನಿ ಮಾಡುವುದು, ಎಲ್ಲವೂ ಅದರಲ್ಲಿ ಸೇರಿವೆ. ರಾತ್ರಿ ಬುಡಕ್ಕೆ ಆಸಿಡ್ ಸುರಿದು ‘ತಾನೇ ಒಣಗಿತು’ ಎನ್ನುವವರಿಗೂ ಈ ಕಲಮು ಅನ್ವಯಿಸುತ್ತದೆ.

ಅರ್ಜಿಯ ವಿಷಯ ಇರುವುದು 8ನೇ ಕಲಮಿನಲ್ಲಿ. ವೃಕ್ಷ ಅಧಿಕಾರಿ ಅರಣ್ಯ ಇಲಾಖೆಯವರು, ಹಾಗಾಗಿ ನಮ್ಮ ಕಲಬುರಗಿ ಕಡೆ ಪಾಲಿಕೆಯ ಕಚೇರಿಗೆ ಅಲೆಯಬೇಡಿ. ಅರ್ಜಿಯೊಂದಿಗೆ ಸೈಟಿನ ನಕ್ಷೆ ಅಥವಾ ಸರ್ವೆ ಸ್ಕೆಚ್ ಬೇಕು. ಸರ್ವೆ ನಂಬರ್, ಗಡಿ ಅದರಲ್ಲಿ ಸ್ಪಷ್ಟವಾಗಿರಲಿ. ನಮ್ಮ ಕಡೆ ದೊಡ್ಡ ಮರಕ್ಕೂ ‘ಗಿಡ’ ಎನ್ನುವುದು ರೂಢಿ. ಅರ್ಜಿಯಲ್ಲಿ ‘ಮರ’ ಎಂದೇ ಬರೆಯಿರಿ, ಜಾತಿ ಹೇಳಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ತೆಗೆದು ಕೊಡಿ. ತೆಂಗು, ನೀಲಗಿರಿ, ಸುಬಾಬುಲ್, ಬಳ್ಳಾರಿ ಜಾಲಿಯಂಥ ಕೆಲವು ಜಾತಿಗಳಿಗೆ ಈ ಅನುಮತಿಯ ಕಟ್ಟಿಲ್ಲ. ಶ್ರೀಗಂಧದ ದಾರಿ ಬೇರೆ, ಅದು ಅರಣ್ಯ ಕಾಯ್ದೆಗೆ ಸೇರಿದ್ದು.

ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯವಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ ಸಿಡಿಲಿಗೆ ಬಹುಪಾಲು ಹಾಳಾಗಿದ್ದರೆ ಅನುಮತಿ ನಿರಾಕರಿಸುವಂತಿಲ್ಲ. ಎಡವಟ್ಟಾಗುವುದು ‘ಸತ್ತಿದೆ’ ಎಂಬಲ್ಲಿ. ಬೇವಿಗೆ ಬರುವ ತುದಿ ಒಣಗುವ ರೋಗ (ಫೋಮಾಪ್ಸಿಸ್ ಶಿಲೀಂಧ್ರದ್ದು) ಮಳೆಗಾಲ ಮುಗಿಯುವ ಹೊತ್ತಿಗೆ ಇಡೀ ಮರವನ್ನು ಕಂದು ಮಾಡಿಬಿಡುತ್ತದೆ. ಪಕ್ಕದ ತೆಲಂಗಾಣದಲ್ಲಿ 2021ರಲ್ಲಿ ಹೀಗಾದಾಗ ಜನ ಬೇವೇ ಮುಗಿಯಿತೆಂದು ಗಾಬರಿಯಾದರು; ಬಹಳಷ್ಟು ಮರಗಳು ಮತ್ತೆ ಚಿಗುರಿದವು. ಬೆರಳು ಗಾತ್ರದ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು ತೇವವಿದ್ದರೆ ಜೀವವಿದೆ. ಯುಗಾದಿಯವರೆಗೆ ಕಾಯಿರಿ, ಆಮೇಲೆ ಅರ್ಜಿಯ ಮಾತು.

ಇನ್ನೊಂದು ಸಾಮಾನ್ಯ ಕಾರಣ ಗೋಡೆಯ ಬಿರುಕು. ಕಲಬುರಗಿಯ ಯರಿ ಮಣ್ಣು (ಕಪ್ಪು ಜೇಡಿ ನೆಲ) ಬೇಸಿಗೆಯಲ್ಲಿ ಕುಗ್ಗಿ ಮಳೆಗೆ ಉಬ್ಬುತ್ತದೆ. ಮರವಿಲ್ಲದ ಕಡೆಯೂ ಗೋಡೆ ಬಿರಿಯುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ, ಮೇ ಮತ್ತು ಸೆಪ್ಟೆಂಬರಿನಲ್ಲಿ ಅಗಲ ಅಳೆಯಿರಿ. ಮೇನಲ್ಲಿ ಬಾಯ್ಬಿಟ್ಟು ಸೆಪ್ಟೆಂಬರಿಗೆ ಮುಚ್ಚಿಕೊಂಡರೆ ಅದು ಮಣ್ಣಿನ ಆಟ. ಮರ ನೀರು ಹೀರಿ ಆ ಕುಗ್ಗುವಿಕೆಯನ್ನು ಹೆಚ್ಚಿಸುವುದು ನಿಜವೇ. ಆದರೆ ಹಳೆಯ ಮರವನ್ನು ಒಮ್ಮೆಲೇ ತೆಗೆದರೆ ಒಣಗಿದ್ದ ಮಣ್ಣು ನೀರು ಕುಡಿದು ಉಬ್ಬಿ, ಪಾಯವನ್ನೇ ಎತ್ತಬಹುದು.

ಕೊಡಲಿಗಿಂತ ಹೆಚ್ಚು ಮರಗಳನ್ನು ಕೊಲ್ಲುವುದು ಅಂಗಳಕ್ಕೆ ಹಾಸುವ ಶಹಾಬಾದ್ ಫರಸಿ ಕಲ್ಲು ಎಂದೇ ನನ್ನ ಅಭಿಪ್ರಾಯ. ಕಾಂಡಕ್ಕೆ ತಾಗುವಂತೆ ಸಿಮೆಂಟಿನಲ್ಲಿ ಫರಸಿ ಕೂರಿಸಿದರೆ ನೀರು, ಗಾಳಿ ಎರಡೂ ಒಳಗಿಳಿಯವು. ಬೇರು ಮೇಲೆದ್ದು ಕಲ್ಲನ್ನು ಎತ್ತುತ್ತದೆ, ಮನೆಯವರು ಆ ಬೇರು ಕತ್ತರಿಸುತ್ತಾರೆ. ಮುಂಗಾರು ಪೂರ್ವದ ಬಿರುಗಾಳಿ ಕತ್ತರಿಸಿದ ಕಡೆಯಿಂದ ಬೀಸಿದರೆ ಹಿಡಿತವಿಲ್ಲದ ಮರ ಎದುರು ದಿಕ್ಕಿಗೆ ಉರುಳುತ್ತದೆ. ಬೇರಿನ ವಲಯಕ್ಕೊಂದು ಲೆಕ್ಕವಿದೆ: ಕಾಂಡದ ವ್ಯಾಸದ 12 ಪಟ್ಟು. ಸುತ್ತಳತೆ 94 ಸೆಂ.ಮೀ. ಇದ್ದರೆ ವ್ಯಾಸ ಸುಮಾರು 30, ಅಂದರೆ ಬುಡದಿಂದ 3.6 ಮೀಟರಿನೊಳಗೆ ಅಗೆತ ಬೇಡ. ಅಷ್ಟು ಜಾಗ ಸಿಗದಿದ್ದರೂ ಬುಡದ ಸುತ್ತ ನಾಲ್ಕಡಿ ಫರಸಿ ಕಿತ್ತು ಮಣ್ಣು ತೆರೆದಿಡಿ.

ಅನುಮತಿ ಪಡೆದು ಕಡಿದವರು ಅಧಿಕಾರಿ ಹೇಳಿದಂತೆ ಬದಲಿ ಸಸಿ ನೆಡಲು ಬದ್ಧರು. ಎರಡಡಿ ಉದ್ದ, ಅಗಲ, ಆಳದ ತಗ್ಗು ಸಾಕು. ಯರಿ ಮಣ್ಣಿನಲ್ಲಿ ಸಲಿಕೆ ತಾಗಿದ ತಗ್ಗಿನ ಗೋಡೆ ನುಣುಪಾಗಿ, ಬೇರು ಹೊರಗೆ ಹೋಗದೆ ಒಳಗೇ ಸುತ್ತುತ್ತದೆ. ಗುದ್ದಲಿಯಿಂದ ಗೋಡೆಯನ್ನು ಕೆರೆದು ಒರಟು ಮಾಡಿ. ಅಗೆದ ಮಣ್ಣು ಎರಡು ಪಾಲು, ಗರಸು ಒಂದು, ಕೊಳೆತ ತಿಪ್ಪೆಗೊಬ್ಬರ ಒಂದು. ಸಸಿಯ ಕೊರಳು (ಬೇರು, ಕಾಂಡ ಕೂಡುವ ಜಾಗ) ನೆಲಕ್ಕಿಂತ ಎರಡು ಇಂಚು ಮೇಲಿರಲಿ, ಮಣ್ಣು ಕುಸಿದಾಗ ಸಮವಾಗುತ್ತದೆ. ಬೇವು, ಹೊಂಗೆ ಗೋಡೆಯಿಂದ ಹತ್ತಡಿ ದೂರ. ಆಲ, ಅರಳಿ ಸಣ್ಣ ಸೈಟಿಗೆ ಬೇಡವೇ ಬೇಡ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ 15–20 ಲೀಟರ್ ನೀರು. ಬುಡದ ಬಳಿ ನೆಲ ಬಿರಿದರೆ ಕೂಡಲೇ ಪುಡಿಮಣ್ಣು ತುಂಬಿ, ಇಲ್ಲವಾದರೆ ಎಳೆ ಬೇರು ಹರಿದು ಒಣಗುತ್ತದೆ. ತೊಗರಿ ಕಟ್ಟಿಗೆಯ ಚೂರನ್ನು ಮೂರು ಇಂಚು ಹೊದಿಸಿದರೆ ಬಿರುಕು ಕಡಿಮೆ. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಬಸಿದುಹೋಗುವುದರಿಂದ ಅಲ್ಲಿ ಗೊಬ್ಬರದ ಪಾಲು ಹೆಚ್ಚಿಸಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಬೇಕು.