‘ಎ ಕ್ರಿಸ್‌ಮಸ್ ಕ್ಯಾರಲ್’: ಪುಸ್ತಕಕ್ಕೆ ಹತ್ತಿರವಾದ ಸಿನಿಮಾ ಯಾವುದು?

ಓದುಗರ ಪ್ರಶ್ನೆ: ಚಾರ್ಲ್ಸ್ ಡಿಕನ್ಸ್ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ ಮೇಲೆ ಲೆಕ್ಕವಿಲ್ಲದಷ್ಟು ಸಿನಿಮಾ ಬಂದಿವೆ. ಮೂಲ ಕತೆಗೆ ಹತ್ತಿರ ಇರೋದು ಯಾವುದು?

1984ರಲ್ಲಿ ಜಾರ್ಜ್ ಸಿ. ಸ್ಕಾಟ್ ನಟಿಸಿದ್ದು. ಇದು ನನ್ನ ಉತ್ತರ. ಯಾಕೆ ಅಂತಲೂ ಹೇಳುತ್ತೇನೆ.

ಜಿಪುಣ ಸ್ಕ್ರೂಜ್, ಸರಪಳಿ ಎಳೆದುಕೊಂಡು ಬರುವ ಅವನ ಸತ್ತ ಪಾಲುದಾರ ಮಾರ್ಲಿಯ ಪ್ರೇತ, ಸ್ಕ್ರೂಜ್‌ನ ಗುಮಾಸ್ತನ ಮಗ ಊರುಗೋಲಿನ ಪುಟ್ಟ ಟಿಮ್ ಹೆಚ್ಚು ಕಡಿಮೆ ಎಲ್ಲ ಸಿನಿಮಾದಲ್ಲೂ ಸಿಗುತ್ತಾರೆ. ಹಾಗಾಗಿ ನಾನು ಒಂದು ದೃಶ್ಯ ಇದೆಯಾ ಅಂತ ಮಾತ್ರ ನೋಡುತ್ತೇನೆ. ಸ್ಕ್ರೂಜ್‌ನನ್ನು ಬದಲಾಯಿಸಲು ಮೂರು ಭೂತಗಳು ಬರುತ್ತವೆ; ಮೂರನೇ ಅಧ್ಯಾಯದ ಕೊನೆಯಲ್ಲಿ ಎರಡನೇ ಭೂತ ತನ್ನ ನಿಲುವಂಗಿಯನ್ನು ಸರಿಸುತ್ತದೆ. ಒಳಗೆ ಇಬ್ಬರು ಮಕ್ಕಳು. ಮೂಳೆ ಚಕ್ಕಳವಾಗಿ, ಹರಕು ಬಟ್ಟೆಯಲ್ಲಿ ಅದರ ಕಾಲ ಬಳಿ ಮಂಡಿಯೂರಿ ಕೂತಿದ್ದಾರೆ. ಹುಡುಗನ ಹೆಸರು ಅಜ್ಞಾನ, ಹುಡುಗಿಯ ಹೆಸರು ಕೊರತೆ. ಇವರಿಗೆ ಆಸರೆ ಇಲ್ಲವಾ ಅಂತ ಸ್ಕ್ರೂಜ್ ಕೇಳುತ್ತಾನೆ. ‘ಜೈಲುಗಳಿಲ್ಲವಾ? ವರ್ಕ್‌ಹೌಸ್‌ಗಳಿಲ್ಲವಾ?’ ಅಂತ ಭೂತ ತಿರುಗಿ ಕೇಳುತ್ತದೆ. (ವರ್ಕ್‌ಹೌಸ್ ಅಂದರೆ ಬಡವರನ್ನು ಇರಿಸಿಕೊಂಡು ದುಡಿಸುತ್ತಿದ್ದ ಸರ್ಕಾರಿ ಆಶ್ರಯ.) ಕತೆಯ ಶುರುವಿನಲ್ಲಿ ಬಡವರಿಗಾಗಿ ಚಂದಾ ಕೇಳಲು ಬಂದವರಿಗೆ ಸ್ಕ್ರೂಜ್ ಹೇಳಿದ್ದ ಮಾತೇ ಅದು.

ಡಿಕನ್ಸ್ ಈ ಕತೆ ಬರೆದದ್ದೇ ಆ ಮಕ್ಕಳಿಗಾಗಿ. 1843ರಲ್ಲಿ ಬಾಲ ಕಾರ್ಮಿಕರ ಬಗ್ಗೆ ಬಂದ ಸರ್ಕಾರಿ ವರದಿ ಓದಿ ಅವರಿಗೆ ತಡೆಯಲಾಗಲಿಲ್ಲ. ಮೊದಲು ಒಂದು ಕರಪತ್ರ ಬರೆಯೋಣ ಅಂದುಕೊಂಡರು. ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಫೀಲ್ಡ್ ಲೇನ್‌ನಲ್ಲಿ ಕಡುಬಡವರ ಮಕ್ಕಳ ಶಾಲೆಗೆ ಹೋಗಿ ಬಂದರು. ಆಮೇಲೆ ಸುಮಾರು ಆರು ವಾರದಲ್ಲಿ ಈ ಪುಸ್ತಕ ಬರೆದು ಮುಗಿಸಿದರು. ಡಿಸೆಂಬರ್ 19ಕ್ಕೆ ಪ್ರಕಟವಾಯಿತು. ಮೊದಲ ಮುದ್ರಣದ 6,000 ಪ್ರತಿ ಕ್ರಿಸ್‌ಮಸ್‌ಗೆ ಮೊದಲೇ ಖಾಲಿ. ಡಿಕನ್ಸ್‌ಗೂ ಆ ಮಕ್ಕಳ ಕಷ್ಟ ಗೊತ್ತಿತ್ತು. 12ನೇ ವಯಸ್ಸಿನಲ್ಲಿ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿದವರು. ಆಗ ಅಪ್ಪ ಸಾಲ ತೀರಿಸಲಾಗದೆ ಜೈಲಿನಲ್ಲಿದ್ದರು.

ಇನ್ನು ಸಿನಿಮಾಗಳು. 1901ರಲ್ಲೇ ಬ್ರಿಟನ್ನಿನಲ್ಲಿ ಒಂದು ಮೂಕಿಚಿತ್ರ ಬಂತು. ಈಗ ಉಳಿದಿರುವುದು ಕೆಲವೇ ನಿಮಿಷ. 1938ರಲ್ಲಿ ಹಾಲಿವುಡ್‌ನ ಎಂಜಿಎಂ ಕಂಪನಿ ಮಾಡಿದ್ದು ಮನೆಮಂದಿಯೆಲ್ಲ ನೋಡಲಿ ಅಂತ. ಅದರಲ್ಲಿ ಆ ಇಬ್ಬರು ಮಕ್ಕಳು ಮಾಯ. ಸ್ಕ್ರೂಜ್‌ನ ಹಳೆಯ ಪ್ರೇಯಸಿಯೂ ಇಲ್ಲ. 1983ರ ಮಿಕ್ಕಿ ಮೌಸ್ ಕಾರ್ಟೂನ್ ಮುದ್ದಾಗಿದೆ, ಆದರೆ ಮಕ್ಕಳು ಅದರಲ್ಲೂ ಇಲ್ಲ.

1951ರ ಬ್ರಿಟಿಷ್ ಚಿತ್ರದ ಕತೆ ಬೇರೆ. ಪುಸ್ತಕದಲ್ಲಿ ಇಲ್ಲದ್ದನ್ನು ಅದು ಬೇಕಾದಷ್ಟು ಸೇರಿಸಿದೆ. ಸ್ಕ್ರೂಜ್‌ನ ತಂಗಿ ಫ್ಯಾನ್ ಅಲ್ಲಿ ಅಕ್ಕ ಆಗುತ್ತಾಳೆ! ಆದರೂ ಮಕ್ಕಳನ್ನು ಉಳಿಸಿಕೊಂಡಿದೆ. ಕೊನೆಯಲ್ಲಿ ಸ್ಕ್ರೂಜ್ ಪಾತ್ರದ ಅಲಸ್ಟೇರ್ ಸಿಮ್ ಖುಷಿ ತಾಳಲಾರದೆ ಕುಣಿಯುವುದನ್ನು ನೋಡಿದರೆ ಕಣ್ಣು ತುಂಬುತ್ತದೆ. ಅವರಿಗಿಂತ ಒಳ್ಳೆಯ ಸ್ಕ್ರೂಜ್ ನನಗೆ ಸಿಕ್ಕಿಲ್ಲ. ಅದೇ ಸಿಮ್ ದನಿ ಕೊಟ್ಟ 1971ರ ಅನಿಮೇಶನ್ ಬರೀ 25 ನಿಮಿಷದ್ದು, ಆಸ್ಕರ್ ಗೆದ್ದಿದ್ದು. ಗಣಿ ಕೆಲಸದವರು, ದೀಪಸ್ತಂಭದ ಕಾವಲುಗಾರರು ಕ್ರಿಸ್‌ಮಸ್ ಆಚರಿಸುವ ಸಣ್ಣ ದೃಶ್ಯಗಳನ್ನು ದೊಡ್ಡ ಸಿನಿಮಾಗಳೇ ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಅವೂ ಇದರಲ್ಲಿವೆ. ಸಮಯ ಕಡಿಮೆ ಇದ್ದರೆ ಇದನ್ನೇ ನೋಡಿ.

1984ರ ಚಿತ್ರ ಮೇಲೆ ನಿಲ್ಲುವುದು ಯಾಕೆ ಗೊತ್ತಾ? ಸ್ಕಾಟ್‌ನ ಸ್ಕ್ರೂಜ್ ಬರೀ ಗೊಣಗುವ ಮುದುಕ ಅಲ್ಲ. ತಾನು ಮಾಡುತ್ತಿರೋದು ಸರಿ ಅಂತ ಪೂರ್ತಿ ನಂಬಿರುವ ವ್ಯಾಪಾರಿ. ಹಾಗಾಗಿ ಆ ಇಬ್ಬರು ಮಕ್ಕಳನ್ನು ತೋರಿಸಿ ಭೂತ ‘ಜೈಲುಗಳಿಲ್ಲವಾ?’ ಅಂತ ಅವನ ಮಾತನ್ನೇ ತಿರುಗಿಸಿ ಹೇಳಿದಾಗ ಏಟು ಜೋರಾಗಿ ಬೀಳುತ್ತದೆ. ಇಂಗ್ಲೆಂಡಿನ ಶ್ರೂಸ್‌ಬರಿ ಊರಿನಲ್ಲಿ ಇದರ ಶೂಟಿಂಗ್ ನಡೆಯಿತು. ಅಲ್ಲಿನ ಸೇಂಟ್ ಚಾಡ್ಸ್ ಚರ್ಚ್ ಅಂಗಳದಲ್ಲಿ ಸ್ಕ್ರೂಜ್ ಹೆಸರು ಕೆತ್ತಿದ ಸಮಾಧಿ ಕಲ್ಲನ್ನು ಶೂಟಿಂಗ್ ಮುಗಿದ ಮೇಲೂ ಹಾಗೇ ಬಿಟ್ಟರು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ 1992ರ ಮಪೆಟ್ ಬೊಂಬೆಗಳ ಚಿತ್ರದಿಂದ ಶುರು ಮಾಡಿ. ಒಂದು ಬೊಂಬೆಯೇ ಡಿಕನ್ಸ್ ಆಗಿ ಕತೆ ಹೇಳುತ್ತದೆ, ಅದೂ ಎಷ್ಟೋ ಕಡೆ ಪುಸ್ತಕದ ಮಾತುಗಳಲ್ಲೇ. ಆ ಇಬ್ಬರು ಮಕ್ಕಳು ಮಾತ್ರ ಅಲ್ಲೂ ಬರುವುದಿಲ್ಲ. ಸಿನಿಮಾ ಮುಗಿದ ಮೇಲೆ ಮೂರನೇ ಅಧ್ಯಾಯದ ಕೊನೆಯ ಪುಟವನ್ನು ನೀವೇ ಅವರಿಗೆ ಓದಿ ಹೇಳಿ.