ಇಂಬ್ರೋಲಿಯೊ ಎಂಬ ಸಿಕ್ಕು

ಇಂಗ್ಲಿಷ್ ಕರಡುಗಳನ್ನು ತಿದ್ದುವ ನನ್ನ ಕೈಗೆ ಈಚೆಗೆ ಬಂದ ಒಂದು ಪುಟದಲ್ಲಿ, ಯಾವ ರೈಲು ಹತ್ತಬೇಕೆಂದು ತೋಚದೆ ನಿಂತ ಪ್ರಯಾಣಿಕನೊಬ್ಬ ‘ಇಂಬ್ರೋಲಿಯೊ’ದಲ್ಲಿದ್ದನೆಂದು (imbroglio) ಬರೆದಿತ್ತು. ಬರೆದವರು ನಿಘಂಟು ನೋಡಿಯೇ ಬರೆದಿದ್ದರು. ಅದರಲ್ಲಿ ‘ಗೊಂದಲ’ ಎಂಬ ಅರ್ಥ ಇದ್ದದ್ದೂ ನಿಜ. ಆದರೂ ಆ ಪದ ಅಲ್ಲಿ ಸಲ್ಲದು. ಪ್ರಯಾಣಿಕನ ಗೊಂದಲ ಅವನೊಬ್ಬನ ತಲೆಯೊಳಗಿನದು. ಇಂಬ್ರೋಲಿಯೊ ಎನ್ನಬೇಕಾದರೆ ಹಲವರು ಸೇರಿ ಕೆಡಿಸಿಕೊಂಡ ಒಂದು ವ್ಯವಹಾರವಿರಬೇಕು.

ಪದದ ಮೂಲ ಇಟಾಲಿಯನ್. ಅಲ್ಲಿ ಅದರ ಧಾತುವಿಗೆ ಸಿಕ್ಕುಸಿಕ್ಕಾಗಿಸು ಎಂಬರ್ಥ. 18ನೇ ಶತಮಾನದ ನಡುವಿನಲ್ಲಿ ಇಂಗ್ಲಿಷಿಗೆ ಬಂದಾಗ ಅದು ಅಡ್ಡಾದಿಡ್ಡಿಯಾಗಿ ಬಿದ್ದ ರಾಶಿಯನ್ನು ಸೂಚಿಸುತ್ತಿತ್ತು. 19ನೇ ಶತಮಾನದಲ್ಲಿ ರಾಜಕೀಯ, ರಾಜತಾಂತ್ರಿಕ ಜಟಿಲತೆಗಳಿಗೆ ಅಂಟಿಕೊಂಡು ಅಲ್ಲಿಯೇ ನೆಲೆಯೂರಿತು. ಜಗಳಕ್ಕೆ ಎಳೆದು ಸಿಕ್ಕಿಸುವುದನ್ನು ಹೇಳುವ ‘ಎಂಬ್ರಾಯಿಲ್’ ಇದರ ಬಳಗದ್ದೇ. ಇಟಲಿಯಲ್ಲಿ ಮಾತ್ರ ಈಗ ಈ ಪದಕ್ಕೆ ಮೋಸ, ವಂಚನೆ ಎಂಬ ಅರ್ಥವೂ ರೂಢಿಯಲ್ಲಿರುವುದರಿಂದ, ಇಟಾಲಿಯನ್ನರೊಂದಿಗೆ ಪತ್ರ ವ್ಯವಹಾರ ಮಾಡುವವರು ಎಚ್ಚರದಿಂದಿರುವುದು ಲೇಸು. ಬರವಣಿಗೆಯಲ್ಲಿ ಕಾಣುವ ‘ಜಿ’ ಅಕ್ಷರವನ್ನು ಉಚ್ಚರಿಸುವುದಿಲ್ಲ.

ಈ ಪದಕ್ಕೆ ತಕ್ಕ ಪ್ರಕರಣವೆಂದರೆ ಅಮೆರಿಕದ ವಾಟರ್‌ಗೇಟ್ ರಾಜಕೀಯ ಹಗರಣ. 1972ರ ಜೂನ್‌ನಲ್ಲಿ ಐವರು ಒಂದು ಪಕ್ಷದ ಕಚೇರಿಗೆ ನುಗ್ಗಿ ಸಿಕ್ಕಿಬಿದ್ದಾಗ ಅದು ಬರೀ ಕಳ್ಳತನದ ಮೊಕದ್ದಮೆಯಂತೆ ಕಂಡಿತ್ತು. ಮುಂದೆ ಹಣದ ಜಾಡು, ಧ್ವನಿಸುರುಳಿಗಳು, ಸೆನೆಟ್ ವಿಚಾರಣೆ, ನ್ಯಾಯಾಲಯದ ಆದೇಶ ಹೀಗೆ ಒಂದು ಎಳೆ ಹಿಡಿದರೆ ಹತ್ತು ಎಳೆ ಬಂದು, 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡಬೇಕಾಯಿತು. ಪಾತ್ರಧಾರಿಗಳು ಹಲವರು, ಬಿಡಿಸಹೋದಷ್ಟೂ ಬಿಗಿಯುವ ಗಂಟು, ಮೇಲೆ ಒಂದಿಷ್ಟು ಮುಜುಗರ: ಈ ಮೂರೂ ಕೂಡಿದಾಗ ಪದ ಸರಿಯಾಗಿ ಕೂರುತ್ತದೆ.

ಕನ್ನಡಕ್ಕೆ ತರುವಾಗ ನಾನು ಮೊದಲು ನೆನೆಯುವುದು ‘ಕಗ್ಗಂಟು’. ಎಳೆ, ಗಂಟುಗಳ ಚಿತ್ರ ಅದರಲ್ಲಿಯೂ ಹಾಗೆಯೇ ಉಳಿದಿದೆ. ‘ಗಲಿಬಿಲಿ’, ‘ತಬ್ಬಿಬ್ಬು’ ಮನಸ್ಸಿನ ಸ್ಥಿತಿಗಳಾದ್ದರಿಂದ ಹೊಂದುವುದಿಲ್ಲ. ಜಗಳದ ಸದ್ದೇ ಜೋರಾಗಿದ್ದಲ್ಲಿ ‘ರಾದ್ಧಾಂತ’ ಒಪ್ಪೀತು. ಸಂಸ್ಕೃತದಲ್ಲಿ ನಿರ್ಣಯಗೊಂಡ ಸಿದ್ಧಾಂತವನ್ನು ಹೇಳುತ್ತಿದ್ದ ಈ ಪದ ನಮ್ಮ ಬಾಯಲ್ಲಿ ಏನೂ ನಿರ್ಣಯವಾಗದ ರಂಪಕ್ಕೆ ಹೆಸರಾದದ್ದು, ಇಂಬ್ರೋಲಿಯೊ ಕಂಡ ಅರ್ಥಪಲ್ಲಟಕ್ಕಿಂತ ಸೊಗಸಾದ ಕಥೆ.

ಪ್ರಯಾಣಿಕನಿಗೆ ನಾನು ಕೊನೆಗೆ ಕೊಟ್ಟದ್ದು ‘ಕನ್‌ಫ್ಯೂಸ್ಡ್’ ಎಂಬ ಸಾದಾ ಪದವನ್ನೇ. ಅವನ ಒಂದು ಟಿಕೆಟ್ಟಿಗಾಗಿ ಎರಡು ರೈಲು ಕಂಪನಿಗಳೂ ಮೂವರು ವಕೀಲರೂ ಕಾದಾಟಕ್ಕೆ ಇಳಿದಿದ್ದರೆ, ಬರೆದವರ ಪದವನ್ನು ಮುಟ್ಟುತ್ತಿರಲಿಲ್ಲ.